ಮನೆಯ ಮರಕ್ಕೆ ಕುಟ್ಟೆ ಹಿಡಿದಾಗ: ಹುಡಿ ನೋಡಿ ಹುಳು ಗುರುತಿಸುವ, ಔಷಧಿ ಒಳಗಿಳಿಸುವ ಕ್ರಮ

ಮಂಚದ ಕಾಲಿನ ಬುಡದಲ್ಲಿ ಬಿಳಿ ಹುಡಿ ಕಾಣುತ್ತದೆ. ಮೇಲೆ ನೋಡಿದರೆ ಸೂಜಿ ಚುಚ್ಚಿದಂಥ ತೂತುಗಳು. ತೂತಿಗೆ ಸೀಮೆಎಣ್ಣೆ ಬಿಟ್ಟು, ಪುಟ್ಟಿ ಮೆತ್ತಿ, ಮೇಲೊಂದು ಕೈ ಪಾಲಿಶ್ ಹೊಡೆದು ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಎರಡು ಅಂಗುಲ ಆಚೆ ಹೊಸ ತೂತುಗಳು ಹುಟ್ಟಿರುತ್ತವೆ.

ಕಣ್ಣಿಗೆ ಕಾಣುವ ತೂತು ಬಹುಪಾಲು ಹುಳು ಹೊರಗೆ ಹೋದ ಬಾಗಿಲು. ರೆಕ್ಕೆ ಬಲಿತ ದುಂಬಿ ಅದನ್ನು ಕೊರೆದುಕೊಂಡು ಹಾರಿಹೋಗಿದೆ. ಮರ ತಿನ್ನುವ ಮರಿಹುಳು ಇನ್ನೂ ಒಳಗೆ, ಬೇರೆ ಜಾಗದಲ್ಲಿ, ತನ್ನದೇ ಹುಡಿಯಿಂದ ಹಿಂದಿನ ದಾರಿಯನ್ನು ಮುಚ್ಚಿಕೊಂಡು ಕೂತಿರುತ್ತದೆ. ಹಳೆಯ ತೂತಿನ ಬಾಯಿಗೆ ಬಿಟ್ಟ ನಾಲ್ಕು ಹನಿ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಮೊದಲು ಹುಳು ಯಾವುದೆಂದು ತಿಳಿಯಬೇಕು, ಆಮೇಲೆ ಅದು ಜೀವಂತವಿದೆಯೇ ಎಂದು ನೋಡಬೇಕು, ನಂತರ ಔಷಧಿ, ಎಲ್ಲಕ್ಕಿಂತ ಕೊನೆಗೆ ಪುಟ್ಟಿ. ಈ ಕ್ರಮ ತಪ್ಪಿದರೆ ಎಷ್ಟು ದುಬಾರಿ ಔಷಧಿ ತಂದರೂ ದಂಡ.

## ಬೇಕಾದ ಸಾಮಾನು

ಪರೀಕ್ಷೆಗೆ: ಒಳ್ಳೆಯ ಟಾರ್ಚ್, ಭೂತಗನ್ನಡಿ, ಚೂಪು ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಒಂದು ಕಪ್ಪು ಮತ್ತು ಕೆಲವು ಬಿಳಿ ಕಾಗದ, ಅಂಟು ಟೇಪು, ಪೆನ್ಸಿಲ್, ಮಿಲಿಮೀಟರ್ ಗೆರೆಯಿರುವ ಸ್ಕೇಲು.

ಔಷಧಿ ಹಾಕುವುದಕ್ಕೆ: 80 ಮತ್ತು 120 ನಂಬರಿನ ಸ್ಯಾಂಡ್‌ಪೇಪರ್, ವ್ಯಾಕ್ಯೂಮ್ ಕ್ಲೀನರ್ ಅಥವಾ ಗಟ್ಟಿ ಬ್ರಶ್, 2 ಅಂಗುಲದ ಪೇಂಟ್ ಬ್ರಶ್, 3 ಮಿ.ಮೀ. ಬಿಟ್ ಇರುವ ಡ್ರಿಲ್, 10 ಅಥವಾ 20 ಮಿ.ಲೀ. ಸಿರಿಂಜ್. ಸಿರಿಂಜಿಗೆ 18 ಮತ್ತು 20 ಗೇಜಿನ ಸೂಜಿ ತನ್ನಿ. 18 ಗೇಜಿನ ಸೂಜಿ ಸುಮಾರು 1.3 ಮಿ.ಮೀ. ದಪ್ಪ, 20 ಗೇಜಿನದು 0.9 ಮಿ.ಮೀ. ಸಣ್ಣ ತೂತಿಗೆ ಎರಡನೆಯದೇ ಹಿಡಿಸುವುದು.

ಮೈಗೆ: ನೈಟ್ರೈಲ್ ಕೈಗವಸು, ಕಣ್ಣಿನ ಸುತ್ತ ಮುಚ್ಚಿಕೊಳ್ಳುವ ಕನ್ನಡಕ, ರಾಸಾಯನಿಕ ಆವಿ ತಡೆಯುವ ಕಾರ್ಟ್ರಿಡ್ಜ್ ಇರುವ ಮಾಸ್ಕ್. ಬಟ್ಟೆ ಮಾಸ್ಕ್, ಎನ್-95 ಎರಡೂ ಧೂಳಿಗೆ ಸರಿ, ಔಷಧಿಯ ಆವಿಗೆ ಸಾಲವು.

## ಹಂತ 1: ಹುಡಿಯನ್ನು ಓದಿ

ತೂತಿನ ಕೆಳಗೆ ಬಿದ್ದದ್ದನ್ನು ಗುಡಿಸಿ ಎಸೆಯಬೇಡಿ. ಒಂದು ಚಿಟಿಕೆ ಕಪ್ಪು ಕಾಗದದ ಮೇಲೆ ಹರಡಿ, ಬೆರಳಲ್ಲಿ ಉಜ್ಜಿ, ಭೂತಗನ್ನಡಿಯಲ್ಲಿ ನೋಡಿ. ತೂತಿನ ಅಗಲ ಅಳೆಯಿರಿ. ಹುಡಿ ಮತ್ತು ತೂತು ಎರಡನ್ನೂ ಒಟ್ಟಿಗೆ ನೋಡಿದರೆ ಬಹುತೇಕ ಹುಳು ತನ್ನ ಹೆಸರು ತಾನೇ ಹೇಳುತ್ತದೆ.

ಮೈದಾ ಹಿಟ್ಟಿನಂಥ ನುಣುಪು ಹುಡಿ, 1ರಿಂದ 2 ಮಿ.ಮೀ. ದುಂಡು ತೂತು. ಇದು ಲಿಕ್ಟಸ್ ಜಾತಿಯ ಕುಟ್ಟೆ. ಬೆರಳಿಗೆ ಟಾಲ್ಕಂ ಪೌಡರಿನಂತೆ ಜಾರುತ್ತದೆ. ಪಿಷ್ಟ ಇರುವ ಮರವಷ್ಟೇ ಇದಕ್ಕೆ ಆಹಾರ. ಅಂದರೆ ಅಗಲ ಎಲೆಯ ಮರಗಳ ಹೊರಗಿನ ಬಿಳಿ ಭಾಗ. ಒಳಗಿನ ಚೇಗನ್ನು ಇದು ತಿನ್ನುವುದಿಲ್ಲ. ರಬ್ಬರ್, ಮಾವು, ಬೂರುಗ, ಸಿಲ್ವರ್ ಓಕ್ ಇವುಗಳಿಗೆ ಬೇಗ ಹತ್ತುತ್ತದೆ. ‘ತೇಗದ ಬಾಗಿಲಿಗೂ ಹುಳು ಬಂತಲ್ಲ’ ಎಂದು ಕೇಳುವವರು ಬಾಗಿಲಿನ ಪಟ್ಟಿಯ ಬಣ್ಣ ನೋಡಬೇಕು. ತಿಂದಿರುವುದು ಅಂಚಿನ ಬಿಳಿ ಪಟ್ಟಿಯನ್ನು ಮಾತ್ರ. ಬೇಗ ಬೆಳೆಸಿ ಕಡಿದ ಎಳೆ ತೇಗದಲ್ಲಿ ಆ ಬಿಳಿ ಭಾಗವೇ ಹೆಚ್ಚು.

ಸ್ವಲ್ಪ ತರಿ ಹುಡಿ, 3ರಿಂದ 6 ಮಿ.ಮೀ. ದುಂಡು ತೂತು. ಇದು ಬೋಸ್ಟ್ರಿಕಿಡ್ ಗುಂಪಿನ ದುಂಬಿ. ತಲೆ ಕೆಳಗೆ ಬಾಗಿ, ಮೇಲಿನಿಂದ ನೋಡಿದರೆ ಕಾಣದ ಹಾಗಿರುತ್ತದೆ. ಇದರಲ್ಲಿ ರೆಕ್ಕೆ ಬಲಿತ ದುಂಬಿಯೇ ಮರದೊಳಗೆ ಕೊರೆದು ಹೋಗಿ ಮೊಟ್ಟೆ ಇಡುತ್ತದೆ, ಹಾಗಾಗಿ ಇಲ್ಲಿ ಕೆಲವು ತೂತು ಒಳಹೋದ ದಾರಿಯೂ ಹೌದು. ಬಿದಿರಿನ ಏಣಿ, ಬುಟ್ಟಿ, ತಟ್ಟಿಯನ್ನು ಹುಡಿ ಮಾಡುವುದು ಇದೇ ಗುಂಪಿನ ಚಿಕ್ಕ ಜಾತಿ. ಬಿದಿರಿನಲ್ಲಿ ತೂತು 1ರಿಂದ 2 ಮಿ.ಮೀ. ಅಷ್ಟೇ ಇರುತ್ತದೆ.

ಮೊಟ್ಟೆಯಾಕಾರದ ದೊಡ್ಡ ತೂತು, ರಾತ್ರಿ ಕರಕರ ಸದ್ದು. ಉದ್ದ ಮೀಸೆಯ ದುಂಬಿಯ ಮರಿಹುಳು. ತೂತು ದುಂಡಗಿಲ್ಲ, ಚಪ್ಪಟೆ. ಅರ್ಧ ಸೆಂಟಿಮೀಟರಿಗಿಂತ ಕಡಿಮೆ ಇರುವುದು ಅಪರೂಪ. ಮರಿಹುಳು ಒಳಗೇ ವರ್ಷಗಟ್ಟಲೆ ಇರುವುದರಿಂದ ಮೇಲೆ ಒಂದೇ ತೂತು ಕಂಡರೂ ಒಳಗೆ ಹಾನಿ ಬಹಳ ಆಗಿರಬಹುದು. ಹುಡಿಯನ್ನು ಸುರಂಗದಲ್ಲೇ ಒತ್ತಿ ತುಂಬಿಕೊಳ್ಳುವ ಕಾರಣ ನೆಲಕ್ಕೆ ಬೀಳುವುದು ಕಡಿಮೆ. ಹಳೆಯ ಹೆಂಚಿನ ಮನೆಯ ಪಕಾಸಿ (ಛಾವಣಿಯ ಓರೆ ಮರ), ತೊಲೆಗಳಲ್ಲಿ ಅತಿ ಎಚ್ಚರದಿಂದ ಹುಡುಕಬೇಕಾದದ್ದು ಇದನ್ನೇ.

ಗಸಗಸೆಯಂಥ ಕಾಳು. ಉಜ್ಜಿದರೆ ಹುಡಿಯಾಗದೆ ಉರುಳುತ್ತದೆ, ಗಾಜಿನಲ್ಲಿ ನೋಡಿದರೆ ಆರು ಮುಖ ಕಾಣುತ್ತವೆ, ಉದ್ದ ಒಂದು ಮಿಲಿಮೀಟರ್ ಆಸುಪಾಸು. ಇದು ಒಣಮರದ ಗೆದ್ದಲಿನ ಹಿಕ್ಕೆ. ಈ ಗೆದ್ದಲಿಗೆ ಮಣ್ಣಿನ ಸಂಪರ್ಕ ಬೇಡ. ಗೂಡು ಮರದ ಒಳಗೇ ಇರುತ್ತದೆ, ಮಣ್ಣಿನ ಗೆರೆ ಎಲ್ಲೂ ಕಾಣುವುದಿಲ್ಲ. ಬಹಳ ಜನ ಇದನ್ನು ಕುಟ್ಟೆ ಎಂದು ತಿಳಿದು ತಪ್ಪುತ್ತಾರೆ.

ಹುಡಿಯೇ ಇಲ್ಲ, ಮಣ್ಣಿನ ಗೆರೆ ಇದೆ. ಇದು ನೆಲದ ಗೆದ್ದಲು, ಕರಾವಳಿ ಮಲೆನಾಡಿನವರ ಒರಲೆ. ಮೇಲಿನ ತೆಳು ಪದರ ಬಿಟ್ಟು ಒಳಗಿನದನ್ನು ಎಳೆಯುದ್ದಕ್ಕೆ ತಿಂದು ಮಣ್ಣು ತುಂಬುತ್ತದೆ. ಮರಕ್ಕೆ ಎಷ್ಟು ಸೂಜಿ ಚುಚ್ಚಿದರೂ ಗೂಡು ನೆಲದಲ್ಲಿ ಇರುವುದರಿಂದ ಪ್ರಯೋಜನವಿಲ್ಲ. ಇದರ ದಾರಿಯೇ ಬೇರೆ, ಹಂತ 7 ನೋಡಿ.

ಬೆರಳು ತೂರುವಂಥ ದುಂಡು ತೂತು, ಪಕಾಸಿಯ ಅಡಿಯಲ್ಲಿ. ಕಪ್ಪಗೆ, ದಪ್ಪಗೆ, ಗುಂಯ್‌ಗುಡುವ ಬಡಗಿ ದುಂಬಿ, ಜೇನಿನ ಬಳಗದ್ದು. ಇದು ಮರ ತಿನ್ನುವುದಿಲ್ಲ, ಮರಿ ಮಾಡಲು ಕೊರೆಯುತ್ತದೆ. ಹೂವಿನ ಪರಾಗಸ್ಪರ್ಶಕ್ಕೆ ಬೇಕಾದ ಜೀವಿ, ವಿಷ ಹಾಕಬೇಡಿ. ಮರಿಗಳು ಹೊರಬಂದು ಗೂಡು ಖಾಲಿಯಾದ ಮೇಲೆ ಉಕ್ಕಿನ ನಾರು ತುರುಕಿ, ಮುಚ್ಚಿ, ಬಣ್ಣ ಹೊಡೆಯಿರಿ.

ತೂತಿನ ಅಂಚು ಕಪ್ಪು, ಹುಡಿ ಇಲ್ಲವೇ ಇಲ್ಲ. ಹಸಿ ದಿಮ್ಮಿಯಲ್ಲಿದ್ದಾಗ ಕೊರೆದ ಹುಳುವಿನ ಗುರುತು. ಮರ ಒಣಗಿದಾಗಲೇ ಅದು ಸತ್ತಿದೆ. ಏನೂ ಮಾಡಬೇಕಾಗಿಲ್ಲ.

## ಹಂತ 2: ಜೀವಂತವೇ, ಹಳೆಯದೇ?

ಹುಡಿ ಬಿತ್ತೆಂದ ಮಾತ್ರಕ್ಕೆ ಹುಳು ಇದೆ ಎಂದಲ್ಲ. ಮಂಚ ಎಳೆದಾಗ, ಗೋಡೆಗೆ ಮೊಳೆ ಹೊಡೆದಾಗ ಹತ್ತು ವರ್ಷದ ಹಳೆಯ ಹುಡಿಯೂ ಉದುರುತ್ತದೆ. ಹೊಸ ಹುಡಿ ಮರದ ತಾಜಾ ಬಣ್ಣದಲ್ಲಿ, ಬಿಡಿಬಿಡಿಯಾಗಿ ಇರುತ್ತದೆ. ಹಳೆಯದು ಮಂಕು, ಧೂಳು ಸೇರಿ ಗಂಟು ಕಟ್ಟಿರುತ್ತದೆ.

ಖಚಿತವಾಗಬೇಕಾದರೆ ಹೀಗೆ ಮಾಡಿ. ಹುಡಿಯನ್ನೆಲ್ಲ ವ್ಯಾಕ್ಯೂಮಿನಿಂದ ಎಳೆಯಿರಿ. ಈಗಿರುವ ಪ್ರತಿ ತೂತಿಗೂ ಪೆನ್ಸಿಲಿನಲ್ಲಿ ಸುತ್ತು ಹಾಕಿ. ಸ್ಕೇಲು ಪಕ್ಕಕ್ಕಿಟ್ಟು ಫೋಟೊ ತೆಗೆಯಿರಿ. ಒಂದಷ್ಟು ಜಾಗಕ್ಕೆ ತೆಳು ಬಿಳಿ ಕಾಗದವನ್ನು ಅಂಚಿಗೆ ಟೇಪು ಹಾಕಿ ಬಿಗಿಯಾಗಿ ಅಂಟಿಸಿ, ಕೆಳಗೊಂದು ಕಾಗದ ಹಾಸಿ, ಸಾಮಾನನ್ನು ಕದಲಿಸದೆ 4ರಿಂದ 6 ವಾರ ಬಿಡಿ. ಕಾಗದ ತೂತಾದರೆ, ಸುತ್ತು ಇಲ್ಲದ ತೂತು ಹುಟ್ಟಿದರೆ, ಅಥವಾ ಹಾಸಿದ ಕಾಗದದ ಮೇಲೆ ಹುಡಿ ಬಿದ್ದರೆ ಒಳಗೆ ಜೀವ ಇದೆ.

ಆರು ವಾರದಲ್ಲಿ ಏನೂ ಕಾಣದಿದ್ದರೆ ಗುರುತನ್ನು ಅಳಿಸದೆ ಒಂದು ವರ್ಷ ನೋಡುತ್ತಿರಿ. ಮರಿಹುಳು ಒಳಗೆ ತಿನ್ನುತ್ತಿರುವ ತಿಂಗಳುಗಳಲ್ಲಿ ಹೊರಗೆ ಯಾವ ಗುರುತೂ ಇರುವುದಿಲ್ಲ. ತೊಲೆ, ಪಕಾಸಿಗಳ ಮಟ್ಟಿಗೆ ಇಷ್ಟು ಕಾಯುವ ಧೈರ್ಯ ಬೇಡ. ನೇರ ಮುಂದಿನ ಹಂತಕ್ಕೆ ಹೋಗಿ.

## ಹಂತ 3: ಮರದಲ್ಲಿ ಬಲ ಉಳಿದಿದೆಯೇ?

ಸುತ್ತಿಗೆಯ ಹಿಡಿಯಿಂದ ಒಂದು ತುದಿಯಿಂದ ಇನ್ನೊಂದಕ್ಕೆ ತಟ್ಟುತ್ತ ಬನ್ನಿ. ಗಟ್ಟಿ ಮರದ ಸದ್ದು ಬಿಗಿ, ತಿಂದ ಮರದ್ದು ಪೊಳ್ಳು. ಪೊಳ್ಳು ಕೇಳಿದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಕೈಬಲಕ್ಕೇ ಒಂದು ಸೆಂಟಿಮೀಟರ್ ಒಳಹೋದರೆ ಅಲ್ಲಿ ಮರ ಇಲ್ಲ, ಹುಡಿ ಇದೆ.

ತೊಲೆಯ ಮಧ್ಯವನ್ನಷ್ಟೇ ನೋಡಿ ಸುಮ್ಮನಾಗುವುದು ದೊಡ್ಡ ತಪ್ಪು. ಗೋಡೆಯೊಳಗೆ ಕೂತ ತುದಿ ತೇವ ಎಳೆಯುತ್ತದೆ, ಗಾಳಿ ಕಾಣುವುದಿಲ್ಲ, ಮೊದಲು ಸೋಲುವುದು ಅಲ್ಲೇ. ತುದಿ ಮೆತ್ತಗಿದ್ದರೆ, ತೊಲೆ ಜೋತಿದ್ದರೆ, ಸೀಳು ಬಿಟ್ಟಿದ್ದರೆ ಅದರ ಕೆಳಗೆ ಓಡಾಟ ನಿಲ್ಲಿಸಿ ಆಸರೆ ಕಂಬ ಕೊಡಿಸಿ. ಔಷಧಿ ಹುಳುವನ್ನು ಕೊಲ್ಲುತ್ತದೆ, ಹೋದ ಬಲವನ್ನು ತರುವುದಿಲ್ಲ. ಎಂಜಿನಿಯರ್ ಅಥವಾ ಹಳೆಯ ಮಾಡು ಬಿಚ್ಚಿ ಕಟ್ಟಿ ಅನುಭವವಿರುವ ಆಚಾರಿ ನೋಡದೆ ಅಂಥ ತೊಲೆಗೆ ಡ್ರಿಲ್ ಹಚ್ಚಬಾರದು.

ಪ್ಲೈವುಡ್ ಕಪಾಟಿನ ವಿಷಯ ಬೇರೆ. ತೂತು ಒಂದೆರಡು ಹಲಗೆಗೆ ಸೀಮಿತವಾಗಿದ್ದರೆ ಆ ಹಲಗೆ ಬದಲಿಸುವುದೇ ಲೇಸು. ಪದರಗಳ ನಡುವಿನ ಅಂಟು ಔಷಧಿಯನ್ನು ಹರಿಯಲು ಬಿಡುವುದಿಲ್ಲ, ಎರಡೂ ಕಡೆ ಲ್ಯಾಮಿನೇಟ್ ಇದ್ದರೆ ಮೇಲಿನಿಂದಲೂ ಇಳಿಯುವುದಿಲ್ಲ. ‘ವಾಟರ್‌ಪ್ರೂಫ್’ ಎಂಬ ಅಕ್ಷರ ಅಂಟಿನ ಮಾತು ಹೇಳುತ್ತದೆ. ಹುಳು ಬಾರದೆಂಬ ಭರವಸೆ ಅದರಲ್ಲಿ ಇಲ್ಲ.

## ಹಂತ 4: ಔಷಧಿಯ ಆಯ್ಕೆ

ಬಣ್ಣ, ಪಾಲಿಶ್ ಇಲ್ಲದ ಮರಕ್ಕೆ ಬೋರಾನ್ ದ್ರಾವಣ. ಪಕಾಸಿ, ರೀಪು, ಮಂಚದ ಅಡಿಭಾಗ, ಕಪಾಟಿನ ಬೆನ್ನು ಇಂಥವಕ್ಕೆ. 10 ಲೀಟರ್ ಬಿಸಿ ನೀರಿಗೆ 600 ಗ್ರಾಂ ಬಿಳಿಗಾರ, 400 ಗ್ರಾಂ ಬೋರಿಕ್ ಆಮ್ಲ. ಎರಡೂ ಒಟ್ಟಿಗೆ ಇದ್ದರೇ ಇಷ್ಟು ಕರಗುವುದು, ಒಂದನ್ನೇ ಹಾಕಿದರೆ ತಣ್ಣಗಾದಾಗ ತಳಕ್ಕೆ ಕೂರುತ್ತದೆ. ಪೂರ್ತಿ ತಿಳಿಯಾಗುವವರೆಗೆ ಕಲಸಿ, ಬೆಚ್ಚಗಿರುವಾಗಲೇ ಬಳಸಿ. ಬಿಳಿಗಾರ ಕೇಳಿದರೆ ಕೆಲವು ಅಂಗಡಿಯಲ್ಲಿ ಪಟಿಕ ಕೊಡುತ್ತಾರೆ, ಅದು ಬೇರೆ ವಸ್ತು. ಕೇರಂ ಬೋರ್ಡಿನ ಪೌಡರನ್ನು ಬೋರಿಕ್ ಎಂದು ನಂಬಬೇಡಿ.

ಬೋರಾನ್ ನೀರಿನಲ್ಲಿ ತೊಳೆದುಹೋಗುತ್ತದೆ. ಮಳೆ ಬೀಳುವ ಕಿಟಕಿಯ ಹೊರಮುಖಕ್ಕೆ, ನೆಲಕ್ಕೆ ಹೂತ ಕಂಬಕ್ಕೆ ಬೇಡ. ದನದ ಕೊಟ್ಟಿಗೆಯ ಕಂಬಕ್ಕೂ ಬೇಡ, ದನಗಳು ನೆಕ್ಕುತ್ತವೆ. ಮಣೆ, ಮರಿಗೆ, ಲಟ್ಟಣಿಗೆ, ಮೊರ ಹೀಗೆ ಆಹಾರ ತಾಗುವ ಯಾವುದಕ್ಕೂ ಕೂಡದು.

ಪಾಲಿಶ್ ಮಾಡಿದ ಪೀಠೋಪಕರಣಕ್ಕೆ, ತೂತಿಗೆ ಚುಚ್ಚಲು ಎಣ್ಣೆ ಆಧಾರದ ವುಡ್ ಪ್ರಿಸರ್ವೇಟಿವ್. ನೀರು ಬೆರೆಸದೆ ನೇರ ಬಳಸುವ ಡಬ್ಬಿ. ಎಣ್ಣೆ ಒಣಮರದೊಳಗೆ ನೀರಿಗಿಂತ ಚೆನ್ನಾಗಿ ಇಳಿಯುತ್ತದೆ, ಮರವನ್ನು ಉಬ್ಬಿಸುವುದಿಲ್ಲ. ಡಬ್ಬಿಯ ಮೇಲೆ ಪರ್ಮೆಥ್ರಿನ್ ಎಂದಿದ್ದರೆ ಮನೆಯ ಬೆಕ್ಕನ್ನು ಮರ ಪೂರ್ತಿ ಒಣಗುವವರೆಗೆ ದೂರವಿಡಿ, ಮೀನಿನ ತೊಟ್ಟಿಯನ್ನು ಕೋಣೆಯಿಂದ ಹೊರಗೆ ಸಾಗಿಸಿ. ಇವೆರಡಕ್ಕೂ ಅದು ಮಾರಕ.

ಕೈ ಹಾಕಬಾರದ್ದು. ಅಕ್ಕಿ ಚೀಲಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮಂಚದ ಕೆಳಗೆ, ಕಪಾಟಿನೊಳಗೆ ಇಡುವವರಿದ್ದಾರೆ. ಅದರಿಂದ ಬರುವ ಫಾಸ್ಫೀನ್ ಅನಿಲ ಮುಚ್ಚಿದ ಮನೆಯಲ್ಲಿ ಮಲಗಿದವರನ್ನು ಕೊಲ್ಲುತ್ತದೆ, ಅದಕ್ಕೆ ಪ್ರತಿವಿಷವೇ ಇಲ್ಲ. ದಯವಿಟ್ಟು ಮಾಡಬೇಡಿ. ಅನಿಲದ ಉಪಚಾರ ಬೇಕೆಂದಾದರೆ ಪರವಾನಗಿ ಇರುವವರೇ ಸಾಮಾನನ್ನು ಮನೆಯಿಂದ ಹೊರಗೆ ಒಯ್ದು ಮಾಡಬೇಕು. ಸೀಮೆಎಣ್ಣೆ, ಪೆಟ್ರೋಲ್ ಕೂಡ ಬೇಡ. ಆರಿದ ಮೇಲೆ ಮರದಲ್ಲಿ ಯಾವ ರಕ್ಷಣೆಯೂ ಉಳಿಯುವುದಿಲ್ಲ, ಬೆಂಕಿಯ ಭಯ ಮಾತ್ರ ನಿಜ.

## ಹಂತ 5: ಮೈ ಬಿಡಿಸಿ, ಹಚ್ಚಿ, ಚುಚ್ಚಿ

1. ಪಾಲಿಶ್ ತೆಗೆಯಿರಿ. ಹೆಚ್ಚಿನವರು ಸೋಲುವುದು ಇಲ್ಲಿ. ವಾರ್ನಿಶ್ ಮೇಲೆ ಹಚ್ಚಿದ ಔಷಧಿ ಗಾಜಿನ ಮೇಲೆ ಹಚ್ಚಿದಂತೆ. 80 ನಂಬರಿನ ಸ್ಯಾಂಡ್‌ಪೇಪರಿನಿಂದ ಬಣ್ಣದ ಪದರ ಹೋಗುವವರೆಗೆ, ನಂತರ 120ರಿಂದ ಉಜ್ಜಿ. ಪರೀಕ್ಷೆ ಸರಳ: ಒಂದು ಹನಿ ನೀರು ಬಿಡಿ. ಮುತ್ತಾಗಿ ನಿಂತರೆ ಇನ್ನೂ ಪದರ ಇದೆ, ಹೀರಿಕೊಂಡರೆ ಸಾಕು. ಮುಂಭಾಗದ ಪಾಲಿಶ್ ಕೆಡಿಸಲು ಮನಸ್ಸಿಲ್ಲದಿದ್ದರೆ ಹಿಂಭಾಗ, ಅಡಿಭಾಗ, ಡ್ರಾಯರಿನ ಒಳಮೈ ಬಿಡಿಸಿ ಅಲ್ಲಿಂದ ಕೆಲಸ ಮಾಡಿ.

2. ಹುಡಿ ಎಳೆಯಿರಿ. ತೂತಿನ ಬಾಯಲ್ಲಿ ಹುಡಿ ಇದ್ದರೆ ಔಷಧಿಯನ್ನು ಅದೇ ಕುಡಿಯುತ್ತದೆ. ಊದಬೇಡಿ, ಕಣ್ಣಿಗೆ ಬೀಳುತ್ತದೆ.

3. ತೂತಿಗೆ ಚುಚ್ಚಿ. ಸೂಜಿಯನ್ನು ಆದಷ್ಟು ಒಳಗೆ ತೂರಿಸಿ, ನಿಧಾನ ಒತ್ತಿ. ಸುರಂಗಗಳು ಒಳಗೊಳಗೆ ಕೂಡಿರುವುದರಿಂದ ಇಲ್ಲಿ ಒತ್ತಿದ ಔಷಧಿ ಒಂದು ಗೇಣು ಆಚೆಯ ತೂತಿನಿಂದ ಪಿಚಕಾರಿಯಂತೆ ಚಿಮ್ಮುತ್ತದೆ. ಕನ್ನಡಕ ಕಡ್ಡಾಯ ಎನ್ನುವುದು ಇದಕ್ಕೇ. ಚಿಮ್ಮಿದ ತೂತಿಗೆ ಮೇಣ ಒತ್ತಿ ಮುಂದುವರಿಸಿ. ಪ್ರತಿ 5ರಿಂದ 8 ಸೆಂ.ಮೀ.ಗೆ ಒಂದು ತೂತು ಆರಿಸಿಕೊಂಡರೆ ಸಾಕು. ಎಲ್ಲ ತೂತಿಗೂ ಒಂದೊಂದು ಹನಿ ಬಿಡುವುದಕ್ಕಿಂತ ಕೆಲವಕ್ಕೆ ತುಂಬಿ ತುಳುಕುವಷ್ಟು ಬಿಡುವುದು ಮೇಲು.

4. ದಪ್ಪ ಮರಕ್ಕೆ ಡ್ರಿಲ್. ಮಂಚದ ಕಾಲು, ದಾರಂದ (ಬಾಗಿಲ ಚೌಕಟ್ಟು), ಕಂಬಗಳಿಗೆ ಕಾಣದ ಬದಿಯಲ್ಲಿ 3 ಮಿ.ಮೀ. ತೂತು, 15 ಸೆಂ.ಮೀ.ಗೆ ಒಂದರಂತೆ, ಕೆಳಮುಖವಾಗಿ ಓರೆಯಾಗಿ, ಮರದ ದಪ್ಪದ ಮೂರರಲ್ಲಿ ಎರಡು ಭಾಗ ಆಳಕ್ಕೆ. ಓರೆ ಇದ್ದರೆ ಔಷಧಿ ಒಳಗೆ ನಿಲ್ಲುತ್ತದೆ. ತೂತು ತುಂಬಿಸಿ, ಹೀರಿಕೊಂಡ ಮೇಲೆ ಮತ್ತೆ, ಹೀಗೆ ಮೂರು ಸಲ. ದಾರಂದದ ಪಕ್ಕ ಸ್ವಿಚ್ ಬೋರ್ಡ್ ಇದ್ದರೆ ಮೇನ್ ಆಫ್ ಮಾಡಿ, ವೈರ್ ಯಾವ ಕಡೆ ಹೋಗಿದೆ ನೋಡಿಕೊಳ್ಳಿ.

5. ಮೇಲೆ ಹಚ್ಚಿ. ಬಿಡಿಸಿದ ಮೈಗೆಲ್ಲ, ವಿಶೇಷವಾಗಿ ಕೂಡುಗಳಿಗೆ ಮತ್ತು ಮರದ ಕೊಯ್ದ ತುದಿಗಳಿಗೆ ಬ್ರಶ್ಶಿನಿಂದ ಧಾರಾಳವಾಗಿ. ಒಂದು ಲೀಟರ್ ಒಂದು ಕೈಗೆ ನಾಲ್ಕೈದು ಚದರ ಮೀಟರಿಗೆ ಬರುತ್ತದೆ. ಅದಕ್ಕಿಂತ ಹೆಚ್ಚು ಜಾಗಕ್ಕೆ ಎಳೆದರೆ ತೆಳುವಾಯಿತು ಎಂದರ್ಥ. ಎಣ್ಣೆಯದಾದರೆ ಒಂದು ದಿನ ಬಿಟ್ಟು ಎರಡನೇ ಕೈ. ಬೋರಾನ್ ಆದರೆ ಮೊದಲ ಕೈ ಹಸಿಯಿರುವಾಗಲೇ ಎರಡನೆಯದು, ಮೂರನೆಯದು. ನಂತರ ಪ್ಲಾಸ್ಟಿಕ್ ಹಾಳೆ ಸುತ್ತಿ ನಾಲ್ಕೈದು ದಿನ ಬಿಡಿ. ಬೋರಾನ್ ತೇವದ ಜೊತೆಗೇ ಒಳಕ್ಕೆ ನಡೆಯುವುದು, ಬೇಗ ಒಣಗಿದರೆ ಮೇಲೆಯೇ ಉಳಿಯುತ್ತದೆ. ಒಣಗಿದ ಮೇಲೆ ಬಿಳಿ ಹರಳು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ.

ಕಿಟಕಿ ತೆರೆದೇ ಇರಲಿ. ಎಣ್ಣೆ ಔಷಧಿ ಹಾಕಿದ ಕೋಣೆಯಲ್ಲಿ ವಾಸನೆ ಹೋಗುವವರೆಗೆ ಯಾರೂ ಮಲಗಬಾರದು, ಮಗುವಿನ ತೊಟ್ಟಿಲಿಗೆ ಈ ಔಷಧಿಗಳು ಬೇಡವೇ ಬೇಡ. ಕೆಲಸ ಮಾಡುವವರಿಗೆ ತಲೆಸುತ್ತು, ವಾಂತಿ, ಬಾಯಲ್ಲಿ ಜೊಲ್ಲು, ಕಣ್ಣು ಮಂಜಾಗುವುದು ಇವುಗಳಲ್ಲಿ ಯಾವುದು ಕಂಡರೂ ಔಷಧಿಯ ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಿ. ಚೀಟಿ ನೋಡಿದರೇ ವೈದ್ಯರಿಗೆ ಏನು ಕೊಡಬೇಕೆಂದು ಗೊತ್ತಾಗುವುದು.

## ಹಂತ 6: ಸಣ್ಣ ಸಾಮಾನಿಗೆ ಬಿಸಿ ಅಥವಾ ಚಳಿ

ಔಷಧಿ ಹಾಕಲಾಗದ ಲಟ್ಟಣಿಗೆ, ಬುಟ್ಟಿ, ಗೊಂಬೆಗಳಿಗೆ ಇದೇ ದಾರಿ. ಮರದ ನಡುಭಾಗ 56 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಅರ್ಧ ಗಂಟೆ ನಿಲ್ಲಬೇಕು. ರಫ್ತಿನ ಮರದ ಪೆಟ್ಟಿಗೆಗಳಿಗೆ ಅಂತರರಾಷ್ಟ್ರೀಯವಾಗಿ ಇಟ್ಟ ಅಳತೆ ಅದು. ಮನೆಯಲ್ಲಿ ಒಂದು ಗಂಟೆ ಹಿಡಿಯಿರಿ. ಬಿಸಿಲು ಸುಡುವ ಏಪ್ರಿಲ್‌ನಲ್ಲಿ ತೆಳು ಸಾಮಾನನ್ನು ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಟೆರೇಸಿನ ಮೇಲಿಟ್ಟರೆ ಆಗಬಹುದು, ಆದರೆ ಕೈಗೆ ಸುಟ್ಟಿತು ಎಂಬುದು ಅಳತೆಯಲ್ಲ. ಕಡ್ಡಿ ಇರುವ ಥರ್ಮಾಮೀಟರನ್ನು ಹುಳು ತಿಂದ ತೂತಿಗೇ ಇಳಿಸಿ ನೋಡಿ.

ಚಳಿಯ ಕ್ರಮಕ್ಕೆ, ಸಾಮಾನನ್ನು ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಮರದ ಮೇಲೆ ಬೆವರು ಕೂರುತ್ತದೆ. ಅರಗಿನ ಬಣ್ಣದ ಹಳೆಯ ಗೊಂಬೆಗಳಿಗೆ ಬಿಸಿ, ಚಳಿ ಎರಡೂ ಅಪಾಯ, ಬಣ್ಣ ಬಿರಿಯುತ್ತದೆ.

ಬಿಸಿ, ಚಳಿ ಇದ್ದ ಹುಳುವನ್ನು ಕೊಲ್ಲುತ್ತವೆ ಅಷ್ಟೆ. ಮುಂದೆ ಬರುವುದನ್ನು ತಡೆಯುವುದಿಲ್ಲ.

ಹೊಸ ಬಿದಿರನ್ನು ಮಾತ್ರ ಮೊದಲೇ ಕಾಯಬಹುದು. ಕಡಿದ ಬಿದಿರನ್ನು ಕೆರೆ, ತೋಡಿನ ನೀರಿನಲ್ಲಿ ವಾರಗಟ್ಟಲೆ ಮುಳುಗಿಸುವ ರೂಢಿಗೆ ಅರ್ಥವಿದೆ: ಹುಳು ಹುಡುಕಿ ಬರುವ ಪಿಷ್ಟ, ಸಕ್ಕರೆ ನೀರಿಗೆ ಇಳಿಯುತ್ತವೆ. ಏಣಿ, ತಟ್ಟಿಗಾದರೆ ಮೇಲಿನ ಬೋರಾನ್ ದ್ರಾವಣದಲ್ಲಿ ಒಂದು ವಾರ ನೆನೆಹಾಕಿ. ಇಡೀ ಬಿದಿರಾದರೆ ಒಳಗಿನ ಗಿಣ್ಣುಗಳನ್ನು ಸರಳಿನಿಂದ ಒಡೆದಿರಬೇಕು, ಇಲ್ಲವಾದರೆ ಒಳಮೈಗೆ ದ್ರಾವಣ ತಲುಪುವುದಿಲ್ಲ.

## ಹಂತ 7: ಗೆದ್ದಲಾದರೆ

ಒಣಮರದ ಗೆದ್ದಲಿಗೆ ಹಂತ 5ರ ಚುಚ್ಚುವ, ಕೊರೆಯುವ ಕ್ರಮವೇ. ಕಾಳು ಉದುರುವ ತೂತಿನ ಸುತ್ತ ಕೊರೆದು ಗೂಡಿನ ಪೊಳ್ಳನ್ನು ಮುಟ್ಟಬೇಕು. ಡ್ರಿಲ್ ಇದ್ದಕ್ಕಿದ್ದಂತೆ ಸಡಿಲಾಗಿ ಒಳಗೆ ಜಾರಿದರೆ ಅದೇ ಗೂಡು.

ನೆಲದ ಗೆದ್ದಲಿಗೆ ಮಣ್ಣಿನ ಗೆರೆ ಕಂಡೊಡನೆ ಕೆರೆದು ಹಾಕಬೇಡಿ. ಎಲ್ಲಿಂದ ಹತ್ತಿದೆ ಎಂದು ತಿಳಿಯಲು ಅದೇ ನಕ್ಷೆ. ಕಟ್ಟಿದ ಮನೆಯ ಗೆದ್ದಲು ಉಪಚಾರಕ್ಕೆ ಭಾರತೀಯ ಮಾನಕ ಐಎಸ್ 6313ರ 3ನೇ ಭಾಗ ಹೇಳುವ ಕ್ರಮ: ಗೋಡೆ ಮತ್ತು ನೆಲ ಕೂಡುವಲ್ಲಿ 12 ಮಿ.ಮೀ. ತೂತು, 30 ಸೆಂ.ಮೀ.ಗೆ ಒಂದರಂತೆ, ತೂತಿಗೆ ಒಂದು ಲೀಟರ್ ದ್ರಾವಣ, ಆಮೇಲೆ ಸಿಮೆಂಟಿನಿಂದ ಮುಚ್ಚುವುದು. 30.5 ಶೇಕಡಾ ಇಮಿಡಾಕ್ಲೋಪ್ರಿಡ್ ಬಳಸುವುದಾದರೆ ಲೀಟರ್ ನೀರಿಗೆ 2.1 ಮಿ.ಲೀ. ಸಾಮಾನ್ಯ ಅಳತೆ, ನಿಮ್ಮ ಡಬ್ಬಿಯ ಚೀಟಿಯಲ್ಲಿ ಬೇರೆ ಇದ್ದರೆ ಚೀಟಿಯೇ ಪ್ರಮಾಣ. ಕೆಲಸಕ್ಕೆ ಬಂದವರು ತೂತಿನ ಅಂತರ ಎರಡಡಿ ಮಾಡಿದರೆ, ಒಂದೊಂದು ತೂತಿಗೆ ಲೋಟದಷ್ಟು ಬಿಟ್ಟರೆ ಅಲ್ಲೇ ನಿಲ್ಲಿಸಿ ಕೇಳಿ. ಬಾವಿಯ ಪಕ್ಕದ ಗೋಡೆಗೆ ಈ ಕೆಲಸ ಬೇಡ.

## ಹಂತ 8: ಕಾಯಿರಿ, ಆಮೇಲೆ ಮುಚ್ಚಿ

ಉಪಚಾರದ ನಂತರ ಎರಡು ಮೂರು ತಿಂಗಳು ಅಲ್ಲೊಂದು ಇಲ್ಲೊಂದು ಹೊಸ ತೂತು ಬಂದರೆ ಗಾಬರಿ ಬೇಡ. ಆಳದಲ್ಲಿದ್ದು ಆಗಲೇ ದುಂಬಿಯಾಗಿದ್ದವು ಹೊರಬರುತ್ತವೆ, ಬರುವಾಗ ಔಷಧಿಯ ಪದರ ಕೊರೆದು ಹೆಚ್ಚಿನವು ಸಾಯುತ್ತವೆ. ಪಕ್ಕದಲ್ಲಿ ಸತ್ತ ಸಣ್ಣ ಕಂದು ದುಂಬಿ ಸಿಕ್ಕರೆ ಕೆಲಸ ಆಗಿದೆ ಎಂದು ತಿಳಿಯಿರಿ. ಮೂರು ತಿಂಗಳ ಮೇಲೂ ಗುಂಪಾಗಿ ತೂತು ಬೀಳುತ್ತಿದ್ದರೆ ಆ ಭಾಗಕ್ಕಷ್ಟೇ ಹಂತ 5 ಮತ್ತೊಮ್ಮೆ ಮಾಡಿ.

ಹೊಸ ತೂತು ನಿಂತು ಆರು ತಿಂಗಳಾದ ಮೇಲೆ ಪುಟ್ಟಿ ಅಥವಾ ಮೇಣ ತುಂಬಿ, ಉಜ್ಜಿ, ಪಾಲಿಶ್ ಮಾಡಿ. ಕಾಣದ ಬದಿ, ಅಡಿಭಾಗ, ಡ್ರಾಯರಿನ ಬೆನ್ನನ್ನೂ ಬಿಡಬೇಡಿ. ಲಿಕ್ಟಸ್ ಮೊಟ್ಟೆ ಇಡುವುದು ಮರದ ತೆರೆದ ರಂಧ್ರಗಳಲ್ಲಿ. ಮುಂದೆ ಮಾತ್ರ ಮಿರುಗಿಸಿ ಹಿಂದೆ ಬೋಳಾಗಿ ಬಿಟ್ಟ ಕಪಾಟು ಅದಕ್ಕೆ ತೆರೆದ ಬಾಗಿಲು.

ಬಿಚ್ಚಿ ತೆಗೆದ ತುಂಡುಗಳನ್ನು ಸೌದೆ ಕೊಟ್ಟಿಗೆಗೆ ಸೇರಿಸಬೇಡಿ, ದುಂಬಿ ಅಲ್ಲಿಂದ ಮತ್ತೆ ಮಾಡಿಗೆ ಹಾರುತ್ತದೆ. ಔಷಧಿ ತಾಗದ ತುಂಡನ್ನು ಅದೇ ವಾರ ಬಚ್ಚಲ ಒಲೆಗೆ ಹಾಕಿ. ಔಷಧಿ ತಾಗಿದ್ದನ್ನು ಅಡುಗೆ ಒಲೆಗೂ ಬಚ್ಚಲ ಒಲೆಗೂ ಹಾಕಬಾರದು, ಹೊಗೆಯಲ್ಲಿ ವಿಷ ಬರುತ್ತದೆ. ಚೀಲದಲ್ಲಿ ಕಟ್ಟಿ, ಔಷಧಿಯ ಖಾಲಿ ಡಬ್ಬಿಯನ್ನು ತೂತು ಮಾಡಿ ಜೊತೆಗಿಟ್ಟು, ಅಪಾಯಕಾರಿ ಕಸವೆಂದು ಹೇಳಿಯೇ ಕಸದ ಗಾಡಿಗೆ ಬೇರೆಯಾಗಿ ಕೊಡಿ.